ಕೈಕೆಲಸದ ಮೂಲೆ: ನೆಲವೇ ಡೊಂಕಾಗಿದ್ದಾಗ



ಕಳೆದ ಸಂಚಿಕೆಯಲ್ಲಿ ನೀರಿನ ಟ್ಯಾಂಕಿನ ಫ್ಲೋಟ್ ವಾಲ್ವ್ ಸರಿಪಡಿಸಿಕೊಳ್ಳುವ ಬಗೆ ಬರೆದಿದ್ದೆ. ಅದನ್ನು ಓದಿದ ಚಾಮರಾಜನಗರದ ಕಡೆಯ ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಅವರ ಮಗ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದನೆಂದು ಸೋದರಮಾವ ಒಂದು ಟೆಲಿಸ್ಕೋಪ್ ಕೊಡಿಸಿದರಂತೆ. ಹುಡುಗ ಒಂದು ವಾರ ಮಹಡಿ ಹತ್ತಿ ಇಳಿದ. ಆಮೇಲೆ ಅದನ್ನು ಮಂಚದ ಕೆಳಗೆ ತಳ್ಳಿ ಮೊಬೈಲ್ ಹಿಡಿದು ಕೂತ. “ಏನೂ ಸರಿಯಾಗಿ ಕಾಣುವುದಿಲ್ಲವಂತೆ, ಎಲ್ಲಾ ಅಲ್ಲಾಡುತ್ತದಂತೆ. ಲೆನ್ಸ್ ಕೆಟ್ಟಿರಬಹುದೇ? ಮನೆಯಲ್ಲೇ ಸರಿಮಾಡಬಹುದೇ? ಅಥವಾ ಈಗಿನ ಮಕ್ಕಳಿಗೆ ತಾಳ್ಮೆಯೇ ಇಲ್ಲವೋ?” ಎಂದು ಕೇಳಿದ್ದಾರೆ.

ಆ ಕೊನೆಯ ಸಾಲು ಓದಿ ಪತ್ರವನ್ನು ಮಡಿಸಿಟ್ಟೆ. ಇದೇ ಮಾತನ್ನು 2003ರಲ್ಲಿ ನಾನೇ ನನ್ನ ಮಗನಿಗೆ ಹೇಳಿದ್ದೆ, ಅದೂ ನಾಲ್ಕು ಜನರ ಎದುರು. ಹಾಗಾಗಿ ಈ ತಿಂಗಳು ಬರೆಯುತ್ತೇನೆಂದಿದ್ದ ಮಿಕ್ಸಿಯ ಬುಷ್ ವಿಷಯವನ್ನು ಮುಂದಕ್ಕೆ ಹಾಕಿದ್ದೇನೆ, ಮನ್ನಿಸಿ.

ನಮ್ಮದು ಕೊಳ್ಳೇಗಾಲದ ಕಡೆಯ ಮನೆತನ. ದಿಂಬಂ ಘಾಟಿ ಇಳಿದು ಕೆಲಸಕ್ಕೆಂದು ಕೊಯಮತ್ತೂರಿಗೆ ಬಂದವರು ಇಲ್ಲೇ ನಿಂತೆವು. ಇಲ್ಲಿ ಕನ್ನಡ ಮಾತು ಹೊಸದೇನಲ್ಲ. ದೇವಾಂಗ ನೇಕಾರರು, ಒಕ್ಕಲಿಗರು ಎಷ್ಟೋ ತಲೆಮಾರುಗಳಿಂದ ಮನೆಯಲ್ಲಿ ಕನ್ನಡವನ್ನೇ ಆಡುತ್ತ ಬಂದಿದ್ದಾರೆ. ನಾನು ಪಂಪು ತಯಾರಿಸುವ ಒಂದು ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದೆ. ಮಗ ಆಗ ಎಂಟನೇ ತರಗತಿ. ಮಂಗಳ ಗ್ರಹ ಭೂಮಿಯ ಹತ್ತಿರ ಬರುತ್ತಿದೆಯೆಂದು ಪತ್ರಿಕೆಗಳಲ್ಲೆಲ್ಲ ಸುದ್ದಿ. 2003ರ ಆಗಸ್ಟ್ 27ರಂದು ಅದು ಸುಮಾರು 5 ಕೋಟಿ 58 ಲಕ್ಷ ಕಿಲೋಮೀಟರ್ ದೂರಕ್ಕೆ ಬಂತು; ಹತ್ತಿರ ಹತ್ತಿರ 60,000 ವರ್ಷಗಳಲ್ಲಿ ಅಷ್ಟು ಸಮೀಪ ಬಂದಿರಲಿಲ್ಲ. (ಮಂಗಳ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆಂಬ ಸುಳ್ಳು ಸುದ್ದಿ ಆಮೇಲೆ ಎಷ್ಟೋ ಆಗಸ್ಟ್ ತಿಂಗಳುಗಳಲ್ಲಿ ಮೊಬೈಲಿಗೆ ಬಂದದ್ದನ್ನು ನೀವೂ ನೋಡಿರಬಹುದು. ನಂಬಬೇಡಿ.) ಮಗನ ಆಸೆ ನೋಡಿ ಓವರ್‌ಟೈಮ್ ಹಣ ಕೂಡಿಸಿ ನಾಲ್ಕೂವರೆ ಇಂಚಿನ ಕನ್ನಡಿಯ ದೂರದರ್ಶಕ ಒಂದನ್ನು ತಂದೆ. ತಗಡಿನ ಉದ್ದ ಕೊಳವೆ, ಕೆಳಗೆ ಅಲ್ಯೂಮಿನಿಯಂ ಮುಕ್ಕಾಲಿ, ನಡುವೆ ಗಿಯರುಗಳು, ಒಂದು ತೂಕದ ಗುಂಡು. ನೋಡಲು ಬಲು ಗಂಭೀರ.

ನಮ್ಮೂರಿನ ಗಾಳಿಯ ವಿಷಯ ಇಲ್ಲಿ ಹೇಳಬೇಕು. ಪಶ್ಚಿಮ ಘಟ್ಟದ ಗೋಡೆಯಲ್ಲಿ ಪಾಲಕ್ಕಾಡಿನ ಬಳಿ ಸುಮಾರು 30 ಕಿಲೋಮೀಟರ್ ಅಗಲದ ಒಂದು ಬಾಗಿಲಿದೆ. ಮುಂಗಾರಿನ ಗಾಳಿ ಆ ಬಾಗಿಲಿನಿಂದ ನುಗ್ಗಿ ನೇರ ನಮ್ಮ ಮೇಲೆ, ಮುಂದೆ ಪಲ್ಲಡಂ, ಉಡುಮಲೈ, ತಿರುಪ್ಪೂರಿನ ಬಯಲಿನ ಮೇಲೆ ಬೀಸುತ್ತದೆ. ಉಡುಮಲೈ ಸುತ್ತ ಗಾಳಿಯಂತ್ರಗಳು ಸಾಲುಸಾಲಾಗಿ ನಿಂತಿರುವುದು ಸುಮ್ಮನೆ ಅಲ್ಲ. ಆಡಿ ತಿಂಗಳ ಗಾಳಿಗೆ ಅಮ್ಮಿಕಲ್ಲೂ ಹಾರುತ್ತದೆ ಎಂದು ತಮಿಳರ ಗಾದೆ. ಆ ವರ್ಷ ಆಡಿ ಕಳೆದಿದ್ದರೂ ಗಾಳಿ ಪೂರ್ತಿ ತಗ್ಗಿರಲಿಲ್ಲ.

ಒಂದು ಭಾನುವಾರ ರಾತ್ರಿ ನಮ್ಮ ಧರ್ಮಕೇಂದ್ರದ ನಾಲ್ಕು ಮನೆಯವರು ಮಂಗಳನನ್ನು ನೋಡಲು ನಮ್ಮ ತಾರಸಿಗೆ ಬಂದಿದ್ದರು. ಮಗ ಹೇಗೋ ಗ್ರಹವನ್ನು ಹಿಡಿದು ನಿಲ್ಲಿಸಿ, “ಬನ್ನಿ ಅಂಕಲ್” ಎಂದು ಕರೆಯುವನು. ಅವರು ಬಗ್ಗಿ ಕಣ್ಣಿಡುವಾಗ ಮೂಗೋ ಕೈಯೋ ತಗುಲುವುದು, ಮಂಗಳ ಹಾರಿಹೋಗುವುದು. ಮತ್ತೆ ಹುಡುಕು, ಮತ್ತೆ ನಿಲ್ಲಿಸು. ಮೂರನೇ ಸಲ ಹೀಗಾದಾಗ ನನಗೆ ರೇಗಿತು. “ಒಂದು ಕಡೆ ನಿಲ್ಲಿಸೋಕೆ ಬರೋದಿಲ್ಲವೇನೋ ನಿನಗೆ? ತಾಳ್ಮೆ ಅನ್ನೋದೇ ಇಲ್ಲ” ಎಂದೆ. “ಸ್ಟ್ಯಾಂಡು ಅಲ್ಲಾಡುತ್ತಪ್ಪಾ” ಎಂದ. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದೆ. ಎಲ್ಲರೂ ನಕ್ಕರು. ಅವನು ನಗಲಿಲ್ಲ. ಕ್ರಿಸ್ಮಸ್ ಬರುವ ಹೊತ್ತಿಗೆ ದೂರದರ್ಶಕ ಅಟ್ಟ ಸೇರಿತ್ತು.

2019ರ ಡಿಸೆಂಬರ್ 26ರಂದು, ಕ್ರಿಸ್ಮಸ್ ಮರುದಿನ, ಕಂಕಣ ಸೂರ್ಯಗ್ರಹಣ ಕಾಸರಗೋಡಿನ ಕಡೆಯಿಂದ ಹಾದು ನಮ್ಮ ಕೊಯಮತ್ತೂರಿನ ಮೇಲೆಯೇ ಬಂತು. ಬೆಳಿಗ್ಗೆ ಒಂಬತ್ತೂವರೆಯ ಆಸುಪಾಸಿನಲ್ಲಿ ಸೂರ್ಯ ಬಳೆಯಂತಾದ. ನಮ್ಮ ಅಂಗಳದ ಬೇವಿನ ಮರದ ಕೆಳಗೆ ಎಲೆಗಳ ಸಂದಿಯಿಂದ ಬಿದ್ದ ಬೆಳಕೆಲ್ಲ ಚಿಕ್ಕಚಿಕ್ಕ ಉಂಗುರಗಳಾಗಿ ನೆಲದ ತುಂಬ ಹರಡಿತ್ತು. ಮಗ ಆಗ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಯ ಕೆಲಸದಲ್ಲಿದ್ದ, ಹಬ್ಬಕ್ಕೆ ಬಂದಿದ್ದ. “ಅಪ್ಪಾ, ಆ ಟೆಲಿಸ್ಕೋಪು ಇನ್ನೂ ಇದೆಯಾ?” ಎಂದ. ಇದೆ ಎಂದು ಹೇಳಿ ಬೇರೆ ಮಾತು ತೆಗೆದೆ.

2025ರ ಬೇಸಿಗೆ ರಜೆಗೆ ಮೊಮ್ಮಗಳು ಬಂದಾಗ ಅಟ್ಟದಿಂದ ಅದನ್ನು ಇಳಿಸಿದ್ದು ಅವಳೇ. “ತಾತ, ಇದರಲ್ಲಿ ಚಂದ್ರ ಕಾಣುತ್ತಾ?” ಕೊಳವೆ ಒರೆಸಿ, ಮುಕ್ಕಾಲಿ ಬಿಚ್ಚಿ ನಿಲ್ಲಿಸಿದೆ. ಕೊಂಡ ದಿನದಿಂದ ಅಂದಿನವರೆಗೆ ನಾನು ಒಂದು ಪೂರ್ತಿ ಗಂಟೆ ಅದರ ಮುಂದೆ ಕೂತಿದ್ದೇ ಇಲ್ಲ ಎಂಬುದು ಆಗ ಹೊಳೆಯಿತು. ಕೂತೆ. ಚಂದ್ರ ಬಂದ, ಫೋಕಸ್ ಗುಂಡಿ ಮುಟ್ಟಿದರೆ ಜೆಲ್ಲಿಯಂತೆ ಕುಣಿದ. ಕೈ ತೆಗೆದು ಎಣಿಸಿದೆ. ಒಂದು, ಎರಡು, ಮೂರು... ಏಳು ಎಣಿಸಿದ ಮೇಲೆ ನಿಂತ. ಅಷ್ಟರಲ್ಲಿ ಅಂಚಿಗೆ ಜಾರಿದ್ದ. ಮತ್ತೆ ಮುಟ್ಟಿದೆ, ಮತ್ತೆ ಏಳು. ಮೂವತ್ತು ವರ್ಷ ಲೇಥಿನ ಮುಂದೆ ನಿಂತವನು ನಾನು. ಲೇಥಿನ ಬೆಡ್ ಗಟ್ಟಿಯಿಲ್ಲದಿದ್ದರೆ ಎಂಥ ಟರ್ನರ್ ಆದರೂ ಕೆಲಸ ಕೆಡುತ್ತದೆಂದು ಹೊಸಬರಿಗೆ ದಿನಾ ಹೇಳುತ್ತಿದ್ದವನು. ಹದಿಮೂರು ವರ್ಷದ ಹುಡುಗ ಅದನ್ನೇ ಹೇಳಿದಾಗ ಗಾದೆ ಹೇಳಿ ಬಾಯಿ ಮುಚ್ಚಿಸಿದ್ದೆ.

ಪತ್ರ ಬರೆದ ತಾಯಿಯವರೇ, ಮೊದಲು ನೀವು ಈ ಪರೀಕ್ಷೆ ಮಾಡಿ. ಒಂದು ನಕ್ಷತ್ರವನ್ನೋ ದೂರದ ಗೋಪುರದ ದೀಪವನ್ನೋ ಹಿಡಿದು, ಕೊಳವೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ ಎಣಿಸಿ. ಎರಡು ಸೆಕೆಂಡಿನೊಳಗೆ ನಿಂತರೆ ಸ್ಟ್ಯಾಂಡು ಒಳ್ಳೆಯದು. ಐದು ದಾಟಿದರೆ ಲೆನ್ಸನ್ನು ಬೈಯಬೇಡಿ, ಹುಡುಗನನ್ನೂ ಬೈಯಬೇಡಿ. ನಮ್ಮ ದೂರದರ್ಶಕದ ಕನ್ನಡಿಯ ಸಂಗಮದೂರ 900 ಮಿಲಿಮೀಟರ್. 10 ಮಿಲಿಮೀಟರಿನ ಐಪೀಸ್ ಹಾಕಿದರೆ 90 ಪಟ್ಟು ದೊಡ್ಡದಾಗಿ ಕಾಣುತ್ತದೆ. ನಡುಕವೂ 90 ಪಟ್ಟು ದೊಡ್ಡದಾಗುತ್ತದೆ! ಕೊಳವೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ ಅಲುಗಿದರೆ ಕಣ್ಣಿಗೆ ಅದು ಒಂದೂವರೆ ಡಿಗ್ರಿ, ಅಂದರೆ ಬರಿಗಣ್ಣಿಗೆ ಕಾಣುವ ಮೂರು ಚಂದ್ರರನ್ನು ಜೋಡಿಸಿಟ್ಟಷ್ಟು. ಇದರ ಮೇಲೆ ಭೂಮಿ ತಿರುಗುತ್ತಿರುವುದರಿಂದ ಆಕಾಶ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. 90 ಪಟ್ಟಿನಲ್ಲಿ ನಮಗೆ ಕಾಣುವುದು ಹೆಚ್ಚುಕಡಿಮೆ ಅರ್ಧ ಡಿಗ್ರಿ. ಹಾಗಾಗಿ ಗ್ರಹ ಎರಡು ನಿಮಿಷದಲ್ಲಿ ಈ ಅಂಚಿನಿಂದ ಆ ಅಂಚಿಗೆ ಓಡಿಹೋಗುತ್ತದೆ. ಆ ಎರಡು ನಿಮಿಷದಲ್ಲಿ ಮೂರ್ನಾಲ್ಕು ಸಲ ಮುಟ್ಟಿ ಸರಿಸಬೇಕು. ಪ್ರತಿ ಸಲವೂ ಏಳು ಸೆಕೆಂಡ್ ನಡುಕ. ಮಕ್ಕಳು ಎಷ್ಟು ಹೊತ್ತು ತಡೆದಾರು?

ಇರುವ ಸ್ಟ್ಯಾಂಡನ್ನೇ ಸುಧಾರಿಸಲು ಖರ್ಚಿಲ್ಲದ ಕೆಲಸಗಳಿವೆ. ಮುಕ್ಕಾಲಿಯ ಒಳಕಾಲುಗಳನ್ನು ಎಳೆಯಲೇಬೇಡಿ, ಪೂರ್ತಿ ಒಳಗೆ ತಳ್ಳಿ ಬಿಗಿ ಮಾಡಿ. ಕಾಲಿನ ಉದ್ದ ಅರ್ಧವಾದರೆ ಅದೇ ಬಲಕ್ಕೆ ಅದು ಬಗ್ಗುವುದು ಎಂಟನೇ ಒಂದು ಭಾಗವಾಗುತ್ತದೆ. ಇದು ತೊಲೆ, ಕಂಬಿ ಎಲ್ಲಕ್ಕೂ ಇರುವ ಲೆಕ್ಕ. ನಿಂತು ನೋಡುವ ಬದಲು ಸ್ಟೂಲಿನ ಮೇಲೆ ಕೂತು ನೋಡಿ, ಅಷ್ಟೇ. ಕಾಲುಗಳ ನಡುವೆ ಐಪೀಸ್ ಇಡಲು ಕೊಡುವ ತೆಳು ತಟ್ಟೆ ಬರೀ ಅಲಂಕಾರ. ಅದನ್ನು ತೆಗೆದು 12 ಮಿಲಿಮೀಟರ್ ಪ್ಲೈವುಡ್ಡಿನ ತ್ರಿಕೋನ ಕತ್ತರಿಸಿ ಮೂರು ಕಾಲಿಗೂ ಬೋಲ್ಟ್ ಹಾಕಿ ಬಿಗಿಯಿರಿ. ಆ ತ್ರಿಕೋನದ ಮೇಲೆ ನಾಲ್ಕೈದು ಕಿಲೋ ಮರಳಿನ ಚೀಲ ಇಡಿ. ತೂಗುಹಾಕಿದರೆ ಅದೇ ಗಾಳಿಗೆ ತೂಗಾಡುತ್ತದೆ. ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ಮೂರು ಕಾಲಿನ ಕೆಳಗೂ ಒಂದೊಂದು ತುಂಡು ಇಡಿ. ತಾರಸಿ ಎಷ್ಟೇ ಗಟ್ಟಿಯಾಗಿದ್ದರೂ ಪಕ್ಕದಲ್ಲಿ ಯಾರಾದರೂ ನಡೆದರೆ ಅಲುಗುತ್ತದೆ. ಆ ರಬ್ಬರು ನಡುಕವನ್ನು ಕುಡಿಯುತ್ತದೆ. ಅಂಗಳದ ನೆಲ ಇನ್ನೂ ಒಳ್ಳೆಯದು.

ಗಿಯರುಗಳಲ್ಲಿ ಅಂಟಿನಂಥ ಗ್ರೀಸ್ ತುಂಬಿರುತ್ತದೆ. ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು (ಒಲೆಯ ಹತ್ತಿರ ಬೇಡ), ಒರೆಸಿ, ಒಳ್ಳೆಯ ಲಿಥಿಯಂ ಗ್ರೀಸನ್ನು ಒಂದಿಷ್ಟೇ ಸವರಿ ಜೋಡಿಸಿ. ವರ್ಮ್ ಗಿಯರಿನ ಸಡಿಲ ತೆಗೆಯಲು ಪಕ್ಕದಲ್ಲಿ ಸಣ್ಣ ಸ್ಕ್ರೂಗಳಿರುತ್ತವೆ. ಸ್ವಲ್ಪ ಸ್ವಲ್ಪವೇ ತಿರುಗಿಸಿ, ಗಿಯರನ್ನು ಪೂರ್ತಿ ಸುತ್ತು ಹೊಡೆಸಿ ನೋಡಿ. ಒಂದು ಕಡೆ ಸರಿಯಾಗಿ ಕಂಡು ಇನ್ನೊಂದು ಕಡೆ ಹಿಡಿದುಕೊಳ್ಳುವುದುಂಟು. ಇಷ್ಟು ಮಾಡಿದ ಮೇಲೆ ನನ್ನ ಏಳು ಸೆಕೆಂಡು ನಾಲ್ಕಕ್ಕೆ ಇಳಿಯಿತು.

ಆದರೆ ಇನ್ನೊಂದು ತೊಡಕು ಉಳಿಯಿತು. ಅದು ಕಾಲಿನದ್ದಲ್ಲ, ಊರಿನದ್ದು. ಇಂಥ ಗಿಯರ್ ಸ್ಟ್ಯಾಂಡುಗಳಲ್ಲಿ ಒಂದು ಅಚ್ಚನ್ನು ಧ್ರುವ ನಕ್ಷತ್ರದ ಕಡೆಗೆ ತಿರುಗಿಸಿ ಇಡಬೇಕು. ಆಗ ಆ ಒಂದೇ ಅಚ್ಚನ್ನು ತಿರುಗಿಸುತ್ತಿದ್ದರೆ ಸಾಕು, ನಕ್ಷತ್ರ ಕಣ್ಣ ಮುಂದೆ ನಿಲ್ಲುತ್ತದೆ. ಉಪಾಯ ಚೆನ್ನಾಗಿದೆ. ಆದರೆ ಧ್ರುವ ನಕ್ಷತ್ರ ಎಷ್ಟು ಎತ್ತರದಲ್ಲಿ ಕಾಣುತ್ತದೆ ಎಂಬುದು ಊರಿನ ಅಕ್ಷಾಂಶದ ಮೇಲಿದೆ. ಲಂಡನ್ನಿನಲ್ಲಿ 51 ಡಿಗ್ರಿಗಿಂತ ಮೇಲೆ, ದೆಹಲಿಯಲ್ಲಿ 28ಕ್ಕಿಂತ ಮೇಲೆ. ಬೆಂಗಳೂರಿನಲ್ಲಿ 13, ಮೈಸೂರಿನಲ್ಲಿ 12. ಕೊಯಮತ್ತೂರು, ತಿರುಪ್ಪೂರುಗಳಲ್ಲಿ ಬರೀ 11. ಕೈ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಅಷ್ಟೇ ಎತ್ತರ. ನಮ್ಮ ಅಂಗಳದಿಂದ ನೋಡಿದರೆ ಧ್ರುವನ ಜಾಗದಲ್ಲಿ ಪಕ್ಕದ ಮನೆಯ ನೀರಿನ ಟ್ಯಾಂಕು ಇದೆ! ತಂಪು ದೇಶದವರಿಗೆಂದು ಮಾಡಿದ ನನ್ನ ಸ್ಟ್ಯಾಂಡಿನಲ್ಲಿ 11ರ ಹತ್ತಿರಕ್ಕೆ ಇಳಿಸುವ ಮೊದಲೇ ಬೋಲ್ಟ್ ತಡೆಯುತ್ತಿತ್ತು. ಬೆಣೆ ಕೊಟ್ಟು ಇಳಿಸಿದರೆ ತೂಕದ ಗುಂಡಿನ ಕಂಬಿ ಮುಕ್ಕಾಲಿಯ ಕಾಲಿಗೆ ಹೊಡೆಯುತ್ತಿತ್ತು. ಮುಕ್ಕಾಲಿಯನ್ನು ತಿರುಗಿಸಿ ಎರಡು ಕಾಲುಗಳ ನಡುವೆ ಗುಂಡು ಹೋಗುವಂತೆ ಮಾಡಿದರೆ ಇಡೀ ದೂರದರ್ಶಕ ಉತ್ತರಕ್ಕೆ ಮುಗ್ಗರಿಸುವಂತೆ ನಿಲ್ಲುತ್ತಿತ್ತು.

ಇದೇ 11 ಡಿಗ್ರಿಯನ್ನು ನಮ್ಮ ನೆರೆಯ ನೀಲಗಿರಿಯಲ್ಲಿ ಬೇರೆಯವರು ಹೇಗೆ ಬಳಸಿಕೊಂಡರು ನೋಡಿ. ಊಟಿಯ ಹತ್ತಿರ ಮುತ್ತೊರೈಯಲ್ಲಿ ಗೋವಿಂದ ಸ್ವರೂಪ್ ಅವರ ತಂಡ 1970ರಲ್ಲಿ ಪೂರೈಸಿದ ರೇಡಿಯೋ ದೂರದರ್ಶಕವಿದೆ. 530 ಮೀಟರ್ ಉದ್ದ, 30 ಮೀಟರ್ ಅಗಲ. ಅಷ್ಟು ದೊಡ್ಡದನ್ನು ಧ್ರುವದ ಕಡೆಗೆ ಓರೆ ಮಾಡಿ ನಿಲ್ಲಿಸುವ ಸ್ಟ್ಯಾಂಡನ್ನು ಯಾರು ಮಾಡಿಯಾರು? ಅವರು ಉತ್ತರ ದಕ್ಷಿಣವಾಗಿ ಸುಮಾರು 11 ಡಿಗ್ರಿ ಇಳಿಜಾರಿರುವ ಗುಡ್ಡವನ್ನು ಹುಡುಕಿದರು. ಆ ಊರಿನ ಅಕ್ಷಾಂಶವೂ ಅಷ್ಟೇ ಇರುವುದರಿಂದ ಗುಡ್ಡದ ಮೈಗೆ ಒರಗಿಸಿದ ದೂರದರ್ಶಕದ ಅಚ್ಚು ತಾನೇ ತಾನಾಗಿ ಭೂಮಿಯ ಅಚ್ಚಿಗೆ ಸಮನಾಯಿತು. ಒಂದೇ ಅಚ್ಚಿನ ಮೇಲೆ ತಿರುಗುತ್ತ ಅದು ಒಂದು ನಕ್ಷತ್ರವನ್ನು ಒಂಬತ್ತೂವರೆ ಗಂಟೆ ಹಿಂಬಾಲಿಸಬಲ್ಲದು. ಅಲ್ಲಿ ಗುಡ್ಡವೇ ಮುಕ್ಕಾಲಿ. ನಮ್ಮ ಅಂಗಳದಲ್ಲಿ ಗುಡ್ಡವಿಲ್ಲ, ಹಾಗಾಗಿ ಬೇರೆ ದಾರಿ.

ಧ್ರುವ ತಗ್ಗಿರುವುದರಿಂದ ನಮಗೆ ಲಾಭವೂ ಇದೆ ಎನ್ನಿ. ಉತ್ತರ ಎಷ್ಟು ತಗ್ಗುತ್ತದೋ ದಕ್ಷಿಣ ಅಷ್ಟು ತೆರೆಯುತ್ತದೆ. 1689ರ ಡಿಸೆಂಬರಿನಲ್ಲಿ ಪುದುಚೇರಿಯಲ್ಲಿದ್ದ ಯೇಸುಸಭೆಯ ಗುರು ಜಾನ್ ರಿಶೋ ಅವರು ಒಂದು ಧೂಮಕೇತುವನ್ನು ದೂರದರ್ಶಕದಲ್ಲಿ ನೋಡುತ್ತಿದ್ದಾಗ, ಹತ್ತಿರದ ಆಲ್ಫಾ ಸೆಂಟಾರಿ ಒಂದಲ್ಲ, ಎರಡು ನಕ್ಷತ್ರಗಳ ಜೋಡಿ ಎಂದು ಕಂಡುಕೊಂಡರು. ಆ ಕಾಲದ ಉದ್ದನೆಯ ಕೊಳವೆಗಳನ್ನು ಕಂಬಕ್ಕೆ ಹಗ್ಗದಿಂದ ತೂಗುಹಾಕುವ ವಾಡಿಕೆಯೂ ಇತ್ತು. ಅದರ ನಡುಕ ನೆನೆದರೆ ನನ್ನ ಮುಕ್ಕಾಲಿ ಎಷ್ಟೋ ವಾಸಿ. ಈ ನಕ್ಷತ್ರ ದೆಹಲಿಯವರಿಗೆ ದಿಗಂತದಿಂದ ಮೇಲೆ ಏಳುವುದೇ ಇಲ್ಲ ಎನ್ನಬಹುದು. ನಮ್ಮಲ್ಲಿ ಮೇ ತಿಂಗಳ ರಾತ್ರಿ ದಕ್ಷಿಣದಲ್ಲಿ 18 ಡಿಗ್ರಿ ಎತ್ತರಕ್ಕೆ ಬರುತ್ತದೆ. ಸ್ಟ್ಯಾಂಡು ಗಟ್ಟಿಯಿದ್ದರೆ ನಾಲ್ಕೂವರೆ ಇಂಚಿನಲ್ಲೇ ಜೋಡಿಯನ್ನು ಬಿಡಿಸಿ ನೋಡಬಹುದು.

ಬೇರೆ ದಾರಿ ಎಂದೆನಲ್ಲ, ಅದನ್ನು ತೋರಿಸಿಕೊಟ್ಟವರು ಜಾನ್ ಡಾಬ್ಸನ್. 1915ರಲ್ಲಿ ಬೀಜಿಂಗಿನಲ್ಲಿ ಹುಟ್ಟಿದ ಇವರು 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಮಠ ಸೇರಿ ಸಂನ್ಯಾಸಿಯಾದರು. ಕೈಯಲ್ಲಿ ಕಾಸಿಲ್ಲ, ದೂರದರ್ಶಕದ ಹುಚ್ಚು. ಹಡಗಿನ ಕಿಟಕಿಯ ದಪ್ಪ ಗಾಜು ಉಜ್ಜಿ ಕನ್ನಡಿ ಮಾಡಿದರು, ಬಿಸಾಡಿದ ಮರದಿಂದ ಸ್ಟ್ಯಾಂಡ್ ಮಾಡಿದರು. ಅದನ್ನು ಮಠದ ಹೊರಗೆ ತಳ್ಳಿಕೊಂಡು ಹೋಗಿ ಬೀದಿಯ ಮಕ್ಕಳಿಗೆ ತೋರಿಸುತ್ತ ಮಠದ ಕೆಲಸಕ್ಕೆ ಸಿಗದೆ ಹೋದರೆಂದು 1967ರಲ್ಲಿ ಅವರನ್ನು ಮಠದಿಂದ ಕಳಿಸಲಾಯಿತು. ಆಮೇಲೆ 2014ರಲ್ಲಿ ತೀರಿಕೊಳ್ಳುವವರೆಗೂ ಬೀದಿಬದಿಯಲ್ಲಿ ಆಕಾಶ ತೋರಿಸುವುದೇ ಅವರ ಕೆಲಸ. ಅವರ ಸ್ಟ್ಯಾಂಡಿನಲ್ಲಿ ಗಿಯರಿಲ್ಲ, ಕಾಲಿಲ್ಲ, ತೂಕದ ಗುಂಡಿಲ್ಲ. ಮೇಲೆ ತೆರೆದ ಒಂದು ಪ್ಲೈವುಡ್ ಪೆಟ್ಟಿಗೆ. ಫಿರಂಗಿಯಂತೆ ಕೊಳವೆ ಅದರಲ್ಲಿ ಮೇಲೆ ಕೆಳಗೆ ಆಡುತ್ತದೆ, ಪೆಟ್ಟಿಗೆ ತನ್ನ ತಳದ ಮೇಲೆ ಸುತ್ತುತ್ತದೆ. ಯಾವ ಊರಾದರೂ ಸರಿ, ಅಕ್ಷಾಂಶ ಕೇಳುವುದಿಲ್ಲ.

ಜೂನ್ ತಿಂಗಳಲ್ಲಿ ಕೆಲಸ ಹಿಡಿದೆ. 18 ಮಿಲಿಮೀಟರ್ ಪ್ಲೈವುಡ್. ಕೊಳವೆಗೆ ಐಪೀಸ್, ಸಣ್ಣ ದುರ್ಬೀನು ಎಲ್ಲ ಹಾಕಿ, ನೆಲದ ಮೇಲೆ ಒಂದು ಪೈಪಿನ ತುಂಡಿಟ್ಟು ಅದರ ಮೇಲೆ ಹೊರಳಿಸಿ ತೂಕ ಸಮವಾಗುವ ಜಾಗಕ್ಕೆ ಗುರುತು ಹಾಕಿದೆ. ಅಲ್ಲಿ ಕೊಳವೆಯ ಸುತ್ತ ಮರದ ಚೌಕಟ್ಟು, ಚೌಕಟ್ಟಿನ ಎರಡು ಪಕ್ಕಕ್ಕೂ ನಾಲ್ಕಿಂಚಿನ ಪಿವಿಸಿ ಪೈಪಿನ ಮುಚ್ಚಳ. ಈ ಎರಡು ಗುಂಡನೆಯ ಮುಚ್ಚಳಗಳೇ ಕೊಳವೆಯ ಭುಜ. ಪೆಟ್ಟಿಗೆಯ ಎರಡು ಪಕ್ಕದ ಹಲಗೆಗಳ ಮೇಲಂಚಿನಲ್ಲಿ ಇಂಗ್ಲಿಷಿನ ವಿ ಅಕ್ಷರದಂತೆ ಕಚ್ಚು ಮಾಡಿ ಭುಜಗಳನ್ನು ಅದರಲ್ಲಿ ಕೂರಿಸಿದೆ.

ತಳ ಸುತ್ತಬೇಕಲ್ಲ, ಅಲ್ಲಿ ನನ್ನ ಬುದ್ಧಿವಂತಿಕೆ ತೋರಿಸಿದೆ. ನಾನು ಬೇರಿಂಗ್ ಮನುಷ್ಯ. ಹಳೇ ಪಂಪಿನಿಂದ ಒಳ್ಳೆಯ ಬಾಲ್ ಬೇರಿಂಗ್ ಬಿಚ್ಚಿ ನಡುವೆ ಕೂರಿಸಿದೆ. ಬೆರಳು ತಾಗಿಸಿದರೆ ಸಾಕು, ಬೆಣ್ಣೆಯಂತೆ ತಿರುಗಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ರಾತ್ರಿ ಅಂಗಳದಲ್ಲಿ ಇಟ್ಟರೆ ಆಡಿ ತಿಂಗಳ ಗಾಳಿಗೆ ಹವಾಮಾನ ಇಲಾಖೆಯ ಗಾಳಿಕೋಳಿಯಂತೆ ತಾನೇ ಪೂರ್ವಕ್ಕೆ ತಿರುಗಿ ನಿಂತಿತು! ಹಿಡಿದು ನಿಲ್ಲಿಸಿದರೆ ಮತ್ತೆ ತಿರುಗುವುದು. ಮೊಮ್ಮಗಳು ಫೋನಿನಲ್ಲಿ ಕೇಳಿ ನಕ್ಕಿದ್ದೇ ನಕ್ಕಿದ್ದು. ಮೂವತ್ತು ವರ್ಷ ಘರ್ಷಣೆ ಕಮ್ಮಿ ಮಾಡಿಯೇ ಸಂಬಳ ತೆಗೆದುಕೊಂಡವನಿಗೆ, ಘರ್ಷಣೆ ಬೇಕು ಎಂಬುದು ತಲೆಗೆ ಹೋಗಲು ಒಂದು ವಾರ ಹಿಡಿಯಿತು. ಬಿಟ್ಟ ಕಡೆ ನಿಲ್ಲಬೇಕು, ತಳ್ಳಿದಾಗ ಮಾತ್ರ ಹೊರಡಬೇಕು. ಹೊರಡುವಾಗ ಜರ್ಕ್ ಹೊಡೆಯಬಾರದು. ಮರದ ಮೇಲೆ ಮರ ಇಟ್ಟರೆ ಮೊದಲು ಹಿಡಿದುಕೊಂಡು ಆಮೇಲೆ ತಟ್ಟನೆ ಜಾರುತ್ತದೆ. ಟೆಫ್ಲಾನ್ ಹಾಗಲ್ಲ. ಅದು ಹೊರಡಲು ಬೇಕಾದ ಬಲವೂ ಜಾರುತ್ತಿರಲು ಬೇಕಾದ ಬಲವೂ ಹೆಚ್ಚುಕಡಿಮೆ ಒಂದೇ. ಡಾಬ್ಸನ್ ಮಾದರಿಯ ಗುಟ್ಟೆಲ್ಲ ಇದರಲ್ಲೇ ಇದೆ.

ಟೆಫ್ಲಾನ್ ಎಲ್ಲಿ ತರುವುದೆಂದು ಯೋಚಿಸುತ್ತಿದ್ದಾಗ ಮಗನೇ ತಿರುಪ್ಪೂರಿನಿಂದ ತಂದುಕೊಟ್ಟ. ಬನಿಯನ್, ಟೀ ಶರ್ಟ್‌ಗಳಿಗೆ ಇಸ್ತ್ರಿ ಮಾಡುವಾಗ ಬಟ್ಟೆ ಹೊಳಪು ಬರದಂತೆ, ಸುಡದಂತೆ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಟೆಫ್ಲಾನ್ ಶೂ ತೊಡಿಸುತ್ತಾರೆ. ಸವೆದದ್ದನ್ನು ಎಸೆಯುತ್ತಾರೆ. ಅಂಥ ಎರಡು ಶೂ ಕಾಗದದಲ್ಲಿ ಸುತ್ತಿ ತಂದ, ಏನೂ ಹೇಳದೆ ಮೇಜಿನ ಮೇಲಿಟ್ಟ. ನಿಮಗೆ ಅದು ಸಿಗದಿದ್ದರೆ ಸೀಲು, ವಾಷರು ಮಾಡುವ ಲೇಥ್ ಅಂಗಡಿಗಳಲ್ಲಿ ತುಂಡು ಕೇಳಿ. ನಾಲ್ಕೈದು ಮಿಲಿಮೀಟರ್ ದಪ್ಪದ್ದಾದರೆ ಇನ್ನೂ ಒಳ್ಳೆಯದು.

ಟೆಫ್ಲಾನಿಗೆ ಯಾವ ಗೋಂದೂ ಅಂಟುವುದಿಲ್ಲ, ಪ್ರಯತ್ನಿಸಿ ಸಮಯ ಹಾಳು ಮಾಡಬೇಡಿ. ಸಣ್ಣ ಹಿತ್ತಾಳೆ ಸ್ಕ್ರೂ ಹಾಕಿ, ಅದರ ತಲೆ ಮೇಲ್ಮೈಯಿಂದ ಕೆಳಗೆ ಇಳಿದಿರಬೇಕು. ತುಂಡು ದೊಡ್ಡದಿದ್ದಷ್ಟೂ ಒಳ್ಳೆಯದೆಂದು ನಾನು ಎರಡಿಂಚಿನ ಚೌಕ ಹಾಕಿದ್ದೆ, ಬಿಗಿಯಾಯಿತು. ಭಾರ ಹರಡಿದಷ್ಟೂ ಟೆಫ್ಲಾನ್ ಹೆಚ್ಚು ಹಿಡಿಯುತ್ತದೆ. ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ ಬಿದ್ದರೆ ಸರಿ. ನನ್ನ ಕೊಳವೆ, ಪೆಟ್ಟಿಗೆ ಸೇರಿ 9 ಕಿಲೋ. ಮೂರು ತುಂಡಿಗೆ ಹಂಚಿದರೆ ಒಂದೊಂದಕ್ಕೆ ಮೂರು ಕಿಲೋ. ಹಾಗಾಗಿ 17 ಮಿಲಿಮೀಟರಿನ ಚೌಕ ಸಾಕಾಯಿತು. ತಳಹಲಗೆಯ ಕೆಳಗೆ ಮೂರು ಗುಂಡಿ ಕಾಲುಗಳಿವೆಯಲ್ಲ, ಟೆಫ್ಲಾನ್ ತುಂಡುಗಳನ್ನು ಸರಿಯಾಗಿ ಅವುಗಳ ನೆತ್ತಿಯ ಮೇಲೆಯೇ ಇಡಿ. ಭಾರ ನೇರ ನೆಲಕ್ಕೆ ಇಳಿಯುತ್ತದೆ, ಹಲಗೆ ಬಗ್ಗುವುದಿಲ್ಲ. ಪೆಟ್ಟಿಗೆಯ ತಳಕ್ಕೆ ಸನ್‌ಮೈಕಾ ಅಂಟಿಸಿ. ನುಣುಪಾದ ಹೊಳೆಯುವ ಸನ್‌ಮೈಕಾ ಬೇಡ, ಸಣ್ಣ ಸಣ್ಣ ಉಬ್ಬುಗಳಿರುವ ಒರಟು ಜಾತಿಯದು ಬೇಕು. ನಡುವೆ ಒಂದು ಬೋಲ್ಟ್, ಬಿಗಿ ಹಾಕದೆ, ಬರೀ ಪೆಟ್ಟಿಗೆ ಪಕ್ಕಕ್ಕೆ ಜರುಗದಂತೆ. ಭುಜಗಳು ಕೂರುವ ಕಚ್ಚಿನಲ್ಲೂ ಎರಡೆರಡು ಟೆಫ್ಲಾನ್ ತುಂಡು.

ದಪ್ಪ ಐಪೀಸ್ ಹಾಕಿದಾಗ ಕೊಳವೆಯ ಮೂತಿ ಬಾಗಿದರೆ ಹಳೇ ಸ್ಪೀಕರಿನ ಅಯಸ್ಕಾಂತವನ್ನು ಕೊಳವೆಯ ಹಿಂಭಾಗಕ್ಕೆ ಅಂಟಿಸಿ, ಬೇಕಾದಂತೆ ಮುಂದೆ ಹಿಂದೆ ಸರಿಸಿಕೊಳ್ಳಿ. ತಗಡಿನ ಕೊಳವೆಯಾದ್ದರಿಂದ ಇದು ನಡೆಯಿತು. ಕನ್ನಡಿಯ ಹತ್ತಿರದ ಸ್ಕ್ರೂಗಳಿಗೆ ತಾಗದಂತೆ ನೋಡಿಕೊಳ್ಳಿ.

ಪೆಟ್ಟಿಗೆ ಗಿಡ್ಡ, ನೆಲದ ಮೇಲಿಟ್ಟರೆ ಮಂಡಿಯೂರಬೇಕು. ಹಿತ್ತಿಲಲ್ಲಿ ನಮ್ಮ ತಾಯಿಯ ಕಾಲದ ಒರಳುಕಲ್ಲು ಕೆಲಸವಿಲ್ಲದೆ ಕೂತಿತ್ತು. ಕೊಯಮತ್ತೂರಿನ ವೆಟ್ ಗ್ರೈಂಡರ್ ಮನೆಗೆ ಬಂದ ದಿನದಿಂದ ಅದರ ಮೇಲೆ ತುಳಸಿ ಕುಂಡ. ನನ್ನಾಕೆಯ ಅಪ್ಪಣೆ ಪಡೆಯಲು ಎರಡು ದಿನವಾಯಿತು. ಕುಂಡ ಇಳಿಸಿ, ಒರಳಿನ ಮೇಲೆ ಚಪ್ಪಲಿ ರಬ್ಬರಿನ ಮೂರು ತುಂಡಿಟ್ಟು ಪೆಟ್ಟಿಗೆ ಕೂರಿಸಿದೆ. ಅಮ್ಮಿಕಲ್ಲು ಹಾರುವ ಗಾಳಿ ಒರಳಿನ ಮುಂದೆ ಸೋತಿತು.

ಈ ಪೆಟ್ಟಿಗೆಗೂ ಕೊರತೆಗಳಿವೆ. ನೋಡುವ ವಸ್ತು ನೆತ್ತಿಯ ಹತ್ತಿರ ಇದ್ದರೆ ಪಕ್ಕಕ್ಕೆ ತಿರುಗಿಸುವುದು ಕಷ್ಟ, ಕೊಳವೆಯ ಮೂತಿ ಹಿಡಿದರೆ ಬಲ ಸಿಗುವುದಿಲ್ಲ. ಆಗ ಪೆಟ್ಟಿಗೆಯನ್ನೇ ಹಿಡಿದು ತಿರುಗಿಸಬೇಕು. ತಾನಾಗಿ ನಕ್ಷತ್ರವನ್ನು ಹಿಂಬಾಲಿಸುವುದಿಲ್ಲವಾದ್ದರಿಂದ ನಕ್ಷತ್ರಗಳ ಫೋಟೋಕ್ಕೆ ಆಗುವುದಿಲ್ಲ. ಫೋಟೋ ಬೇಕೆನ್ನುವ ಹುಡುಗರಿಗೆ ಎರಡು ಹಲಗೆ, ಒಂದು ಬಾಗಿಲಿನ ಕೀಲು, ಒಂದು ಎಂ6 ಬೋಲ್ಟ್ ಸಾಕು: ಕೀಲಿನಿಂದ 229 ಮಿಲಿಮೀಟರ್ ದೂರದಲ್ಲಿ ಬೋಲ್ಟ್ ಹಾಕಿ, ಕೀಲನ್ನು ಧ್ರುವದತ್ತ ಗುರಿಯಿಟ್ಟು, ನಿಮಿಷಕ್ಕೆ ಒಂದು ಸುತ್ತು ತಿರುಗಿಸಿದರೆ ಮೇಲಿನ ಹಲಗೆ ಆಕಾಶದ ವೇಗದಲ್ಲೇ ತೆರೆಯುತ್ತದೆ. ಅದರ ವಿವರ ಇನ್ನೊಂದು ಸಲ. ಮತ್ತೊಂದು ಎಚ್ಚರಿಕೆ: ಈ ಪೆಟ್ಟಿಗೆ ಮಗುವಿನ ಕೈಗೂ ಸುಲಭವಾಗಿ ತಿರುಗುವುದರಿಂದ ಹಗಲಲ್ಲಿ ಎರಡು ಕಡೆಯೂ ಮುಚ್ಚಳ ಹಾಕಿ ಒಳಗಿಡಿ. ದೂರದರ್ಶಕದಲ್ಲಿ ಒಂದು ಕ್ಷಣ ಸೂರ್ಯನನ್ನು ಕಂಡರೂ ಕಣ್ಣು ಹೋಗುತ್ತದೆ.

2025ರ ಸೆಪ್ಟೆಂಬರ್ 7, ಭಾನುವಾರ, ಪೂರ್ಣ ಚಂದ್ರಗ್ರಹಣ. ಮರುದಿನ ಮಾತೆ ಮರಿಯಮ್ಮನವರ ಹುಟ್ಟುಹಬ್ಬವಾದ್ದರಿಂದ ಮಗ, ಸೊಸೆ, ಮೊಮ್ಮಗಳು ಉಳಿದುಕೊಂಡಿದ್ದರು. ರಾತ್ರಿ ಹನ್ನೊಂದರ ಹೊತ್ತಿಗೆ ಚಂದ್ರ ಪೂರ್ತಿ ಮುಳುಗಿ ಕಾಯಿಸಿದ ತಾಮ್ರದ ಬಣ್ಣವಾದ. ಪಕ್ಕದಲ್ಲೇ ಶನಿ, ಆ ವರ್ಷ ಉಂಗುರ ನಮಗೆ ಅಂಚು ತಿರುಗಿಸಿದ್ದರಿಂದ ಮಣಿಗೆ ಸೂಜಿ ಚುಚ್ಚಿದಂತೆ ಕಾಣುತ್ತಿತ್ತು. ಮೊಮ್ಮಗಳು ಸ್ಟೂಲಿನ ಮೇಲೆ ನಿಂತು ತಾನೇ ತಿರುಗಿಸಿ ತೋರಿಸುತ್ತಿದ್ದಳು. ಮಗ ಮಾತ್ರ ಮೆಟ್ಟಿಲ ಮೇಲೆ ಕೂತಿದ್ದ.

ನಾನು ಹತ್ತಿರ ಹೋಗಿ ಕೂತೆ. “ಅವತ್ತು ತಪ್ಪು ನಿಂದಲ್ಲ ಕಣೋ. ಸ್ಟ್ಯಾಂಡಿಂದೇ” ಎಂದೆ.

“ಗೊತ್ತಿತ್ತಪ್ಪಾ. ಹೇಳಿದ್ದೆನಲ್ಲ” ಎಂದ.

ಸ್ವಲ್ಪ ಹೊತ್ತು ಬಿಟ್ಟು ಎದ್ದು ಹೋಗಿ ಐಪೀಸಿಗೆ ಕಣ್ಣಿಟ್ಟ. ತುಂಬ ಹೊತ್ತು ನೋಡಿದ. ಆಮೇಲೆ ಬೇಕೆಂದೇ ಕೊಳವೆಯ ಮೇಲೆ ಬೆರಳಿನಿಂದ ತಟ್ಟಿದ. “ಒಂದು” ಎಂದು ಎಣಿಸಿದವನು ಎರಡು ಎನ್ನಲಿಲ್ಲ.

ಹಳೇ ಅಲ್ಯೂಮಿನಿಯಂ ಮುಕ್ಕಾಲಿಯನ್ನು ಎಸೆದಿಲ್ಲ. ಹಿತ್ತಿಲಲ್ಲಿ ನನ್ನಾಕೆ ಅದಕ್ಕೆ ಹೀರೇಬಳ್ಳಿ ಹಬ್ಬಿಸಿದ್ದಾಳೆ.